ಲಾರಿ ಗುದ್ದಿದ್ರೆ ಹೊಣೆ ಯಾರ್ದು: ಡ್ರೈವರ್ರಾ, ಓನರ್ರಾ, ಇನ್ಶೂರೆನ್ಸಾ?

ದಾವಣಗೆರೆಯಲ್ಲಿ ಒಬ್ಬ ವಕೀಲರ ಹತ್ರ ನಾನು ಏಳೆಂಟು ವರ್ಷ ಗುಮಾಸ್ತನಾಗಿದ್ದೆ. ಅಲ್ಲಿಗೆ ಬರ್ತಿದ್ದ ಫೈಲುಗಳಲ್ಲಿ ಅರ್ಧಕ್ಕರ್ಧ ಎಂವಿಸಿ, ಅಂದ್ರೆ ಆಕ್ಸಿಡೆಂಟ್ ಪರಿಹಾರದ ಕೇಸು, ಹೈವೇ ಊರಿನ ಪಕ್ಕದಲ್ಲೇ ಹಾದುಹೋಗೋದ್ರಿಂದ ಅದ್ರಲ್ಲೂ ಲಾರಿಯವೇ ಜಾಸ್ತಿ. ಒಂದಿನ ಹರಿಹರದ ಕಡೆಯಿಂದ ಒಬ್ರು ಅಮ್ಮ ಬಂದ್ರು, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಒಳಗೆ ಎಫ್‌ಐಆರ್ ಕಾಪಿ, ಮಗನ ಆಧಾರ್ ಕಾರ್ಡು, ಆಮೇಲೆ ಲಾರಿಯ ಹಿಂಭಾಗದ ಒಂದು ಫೋಟೋ. ಯಾರೋ ದಾರಿಹೋಕರು ಮೊಬೈಲಲ್ಲಿ ತೆಗ್ದಿದ್ದು, ನಂಬರ್ ಕಾಣ್ತಿತ್ತು. ಆ ಅಮ್ಮ ಹೇಳಿದ್ದು ಇಷ್ಟೇ, "ಡ್ರೈವರ್ ಹುಡುಗ ನನ್ ಮಗನಿಗಿಂತ ಬಡವ ಅಂತೆ ಸಾರ್, ಅವನ ಮೇಲೆ ಕೇಸ್ ಹಾಕಿ ಏನ್ ತಗೊಳ್ಳೋದು?"

ನೂರಕ್ಕೆ ತೊಂಬತ್ತು ಜನ ಎಡವೋದು ಇಲ್ಲೇ. "ಹೊಣೆ ಯಾರ್ದು" ಅನ್ನೋದು ನೋಡೋಕೆ ಒಂದೇ ಪ್ರಶ್ನೆ, ಕೋರ್ಟಲ್ಲಿ ಮಾತ್ರ ಅದು ಮೂರು. ತಪ್ಪು ಮಾಡಿದ್ದು ಯಾರು, ಆ ತಪ್ಪಿಗೆ ಕಾನೂನಿನ ಪ್ರಕಾರ ಸಾಲಗಾರ ಯಾರು, ಕೊನೆಗೆ ಚೆಕ್ ಬರೆಯೋದು ಯಾರು. ಸಾಮಾನ್ಯವಾಗಿ ಮೊದಲ್ನೇದು ಡ್ರೈವರ್, ಎರಡ್ನೇದು ಓನರ್, ಮೂರ್ನೇದು ಇನ್ಶೂರೆನ್ಸ್ ಕಂಪನಿ. ಮೂರಕ್ಕೂ ಉತ್ತರ ಒಬ್ಬನೇ ಆಗೋದು ಅಪರೂಪ, ಹಾಗಾಗಿ ಡ್ರೈವರ್ ಬಡವ ಅಂತ ಕೇಸು ಬಿಡೋದು ಶುದ್ಧ ದಡ್ಡತನ.

ಮೊದಲು ಡ್ರೈವರ್ ವಿಷಯ ಮುಗಿಸ್ಬಿಡೋಣ. ಅವನ ಮೇಲೆ ಎರಡು ಬೇರೆ ಬೇರೆ ಲೆಕ್ಕ ನಡೆಯುತ್ತೆ. ಒಂದು ಕ್ರಿಮಿನಲ್, 2024ರ ಜುಲೈ 1ರ ತನಕ ಐಪಿಸಿ 279, 304ಎ ಅಂತಿದ್ದಿದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106(1) ಆಗಿದೆ, ನಿರ್ಲಕ್ಷ್ಯದಿಂದ ಸಾವಾದ್ರೆ 5 ವರ್ಷದವರೆಗೆ ಶಿಕ್ಷೆ. ಗುದ್ದಿ ಪೊಲೀಸರಿಗೆ ಹೇಳದೆ ಓಡಿಹೋದ್ರೆ 10 ವರ್ಷ ಅನ್ನೋ 106(2) ಬಗ್ಗೆ 2024ರ ಜನವರಿಯಲ್ಲಿ ದೇಶದ ಲಾರಿ ಡ್ರೈವರುಗಳೆಲ್ಲ ಗಾಡಿ ನಿಲ್ಲಿಸಿ ಮುಷ್ಕರ ಮಾಡಿದ್ರಲ್ಲ, ಸರ್ಕಾರ ಆ ಒಂದು ಭಾಗವನ್ನ ಜಾರಿ ಮಾಡದೆ ಪಕ್ಕಕ್ಕಿಟ್ತು. ಇನ್ನೊಂದು ಲೆಕ್ಕ ಪರಿಹಾರದ್ದು, ಅದು ನಡೆಯೋದು ಮೋಟಾರು ವಾಹನ ಕಾಯ್ದೆ 1988ರ ಕೆಳಗೆ, ಎಂಎಸಿಟಿ ಅನ್ನೋ ಟ್ರಿಬ್ಯುನಲ್ ಮುಂದೆ. ಈ ಎರಡೂ ಒಂದಕ್ಕೊಂದು ಅಂಟ್ಕೊಂಡಿಲ್ಲ. ಕ್ರಿಮಿನಲ್ ಕೋರ್ಟಲ್ಲಿ ಸಾಕ್ಷಿ ಸಾಲದೆ ಡ್ರೈವರ್ ಬಿಡುಗಡೆ ಆದ್ರೂ ಎಂವಿಸಿ ಕೇಸು ಬಿದ್ದುಹೋಗಲ್ಲ, ಯಾಕಂದ್ರೆ ಅಲ್ಲಿ "ಅನುಮಾನಕ್ಕೆ ಎಡೆಯಿಲ್ಲದಂತೆ" ಸಾಬೀತು ಮಾಡ್ಬೇಕು, ಇಲ್ಲಿ "ಹೀಗಾಗಿರೋ ಸಾಧ್ಯತೆನೇ ಹೆಚ್ಚು" ಅನ್ನೋಷ್ಟು ತೋರಿಸಿದ್ರೆ ಸಾಕು. ಸುಪ್ರೀಂ ಕೋರ್ಟ್ ಇದನ್ನ 1980ರಲ್ಲೇ ಹೇಳಿದೆ, ಆದ್ರೂ ಪ್ರತಿ ಊರಲ್ಲೂ "ಡ್ರೈವರ್ ಬಿಡುಗಡೆ ಆದ, ಇನ್ ಕೇಸಿಲ್ಲ" ಅಂತ ಹೇಳೋ ಪುಣ್ಯಾತ್ಮ ಒಬ್ಬ ಇದ್ದೇ ಇರ್ತಾನೆ.

ಈಗ ಓನರ್. ಡ್ರೈವರ್ ಮಾಡಿದ ತಪ್ಪಿಗೆ ಮನೇಲಿ ಮಲಗಿದ್ದ ಓನರ್ ಯಾಕೆ ಕೊಡ್ಬೇಕು ಅಂತ ಓನರುಗಳೇ ಕೇಳ್ತಾರೆ. ಯಾಕಂದ್ರೆ ಗಾಡಿ ಓಡಿದ್ದು ಅವರ ಕೆಲಸಕ್ಕೆ, ಬಾಡಿಗೆ ಬಂದಿದ್ದು ಅವರ ಜೇಬಿಗೆ. ಲಾಭ ನಂದು, ನಷ್ಟ ಮಾತ್ರ ಡ್ರೈವರ್ದು ಅಂದ್ರೆ ನಡಿಯಲ್ಲ. ಡ್ರೈವರ್ ಮಧ್ಯದಲ್ಲಿ ಕ್ಲೀನರ್ ಕೈಗೆ ಸ್ಟೇರಿಂಗ್ ಕೊಟ್ರೂ ಓನರ್ ಅಷ್ಟು ಸುಲಭಕ್ಕೆ ತಪ್ಪಿಸ್ಕೊಳ್ಳಕ್ಕಾಗಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಕೇಸಲ್ಲಿ ಆಗಿದ್ದೇ ಇದು, ಡ್ರೈವರ್ ಇಂಜಿನ್ ಆನ್ ಇಟ್ಟು ತಿಂಡಿ ತರೋಕೆ ಎದುರಿನ ಅಂಗಡಿಗೆ ಹೋದ, ಲೈಸೆನ್ಸ್ ಇಲ್ಲದ ಕ್ಲೀನರ್ ಗಾಡಿ ಎಳೆದ, ಆಕ್ಸಿಡೆಂಟ್ ಆಯ್ತು. ಓನರ್ ಲೈಸೆನ್ಸ್ ಇರೋನ ಕೈಗೇ ಗಾಡಿ ಕೊಟ್ಟಿದ್ದ, ಅವನ ಕೈಲಾಗಿದ್ದು ಅಷ್ಟೇ, ಆದ್ರಿಂದ ಓನರ್ ಹೊಣೆಯ ದುಡ್ಡನ್ನ ಇನ್ಶೂರೆನ್ಸ್ ಕಂಪನಿ ಕೊಡಲೇಬೇಕು ಅಂತ ತೀರ್ಪಾಯ್ತು. ಹೈವೇ ಪಕ್ಕ ಯಾವ ಢಾಬಾ ಮುಂದೆ ನಿಂತ್ರೂ ಕಾಣೋ ದೃಶ್ಯ ಅದು.

"ಓನರ್" ಅಂದ್ರೆ ಯಾರು? ಕಾಯ್ದೆಯ ಸೆಕ್ಷನ್ 2(30) ಪ್ರಕಾರ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ. ಗಾಡಿ ಮೇಲೆ ಫೈನಾನ್ಸ್ ಇದ್ರೆ ಗಾಡಿ ಯಾರ ಕೈಯಲ್ಲಿದೆಯೋ ಅವನು, ಸಾಲ ಕೊಟ್ಟ ಬ್ಯಾಂಕಲ್ಲ. ಇಷ್ಟೇ ಇರೋದು, ಆದ್ರೆ ಈ ಎರಡು ಸಾಲು ಎಷ್ಟು ಮನೆ ಮುರಿದಿದೆ ಅಂತ ನಾನು ನೋಡಿದೀನಿ, ಅದ್ರಲ್ಲಿ ಒಂದು ನಮ್ಮ ಸೋದರಮಾವನ ಮನೆ.

ಮಾವನ ಹತ್ರ ಎರಡು ಆರು ಚಕ್ರದ ಲಾರಿ ಇತ್ತು, ಹಳೇದನ್ನ ಬ್ರೋಕರ್ ಮೂಲಕ ಮಾರಿದ್ರು. ಹೆಸರು ಬದಲಾವಣೆಯ ಫಾರಂ 29, ಫಾರಂ 30 ಎರಡಕ್ಕೂ ಖಾಲಿ ಇದ್ದಹಾಗೇ ಸೈನ್ ಹಾಕಿ, ಕೀ ಕೊಟ್ಟು, ದುಡ್ಡೆಣಿಸಿಕೊಂಡು ಬಂದ್ರು, ಆರ್‌ಟಿಓ ಕೆಲಸ ನಾನ್ ನೋಡ್ಕೋತೀನಿ ಅಂದ ಬ್ರೋಕರ್. ಎರಡು ವರ್ಷ ಬಿಟ್ಟು ಚಿತ್ರದುರ್ಗದ ಟ್ರಿಬ್ಯುನಲ್‌ನಿಂದ ಸಮನ್ಸ್. ತಗೊಂಡವನು ಹೆಸರು ಬದಲಾಯಿಸ್ಕೊಂಡಿರಲಿಲ್ಲ, ಇನ್ನೊಬ್ಬನಿಗೆ ಮಾರಿದ್ದ, ಅವನು ಮತ್ತೊಬ್ಬನಿಗೆ, ಆ ಮೂರನೇ ಮಹಾರಾಯ ಇನ್ಶೂರೆನ್ಸ್ ಕಟ್ಟೋದೇ ಬಿಟ್ಟಿದ್ದ. ಮಾವ ಕೋರ್ಟಲ್ಲಿ ನಿಂತು "ನಾನು ಮಾರಿ ಎರಡು ವರ್ಷ ಆಯ್ತು ಸ್ವಾಮಿ" ಅಂದ್ರೆ ಯಾರು ಕೇಳ್ತಾರೆ, ಆರ್‌ಸಿ ಇವರ ಹೆಸರಲ್ಲೇ ಕೂತಿದೆ. ಹನ್ನೊಂದು ಲಕ್ಷ ಪ್ಲಸ್ ಬಡ್ಡಿ. ಇದಾಗಿ ಒಂದಷ್ಟು ದಿನಕ್ಕೆ, 2018ರಲ್ಲಿ, ಸುಪ್ರೀಂ ಕೋರ್ಟ್ ಇಂಥದೇ ಸರಪಳಿ ಮಾರಾಟದ ಕೇಸಲ್ಲಿ ಖಡಾಖಂಡಿತವಾಗಿ ಹೇಳ್ತು: ಗಾಯ ಆದವ್ರು ಮಾರಿದ್ದು ಯಾರು ಕೊಂಡಿದ್ದು ಯಾರು ಅಂತ ಹಿಂದೆ ಅಲೆಯೋ ಹಾಗಿರಬಾರ್ದು, ರಿಜಿಸ್ಟರಲ್ಲಿ ಯಾರ ಹೆಸರೋ ಅವರೇ ಓನರ್. ನ್ಯಾಯ ಅಂತ ನೋಡಿದ್ರೆ ಸರೀನೇ ಅನ್ಸುತ್ತೆ, ನಮ್ಮನೆ ವಿಷಯ ಅಂತ ನೋಡಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಸೆಕ್ಷನ್ 50 ಪ್ರಕಾರ ಒಂದೇ ರಾಜ್ಯದೊಳಗೆ ಮಾರಿದೋನು 14 ದಿನದಲ್ಲಿ ಆರ್‌ಟಿಓಗೆ ತಿಳಿಸ್ಬೇಕು. ಆ ಒಂದು ಕೆಲಸ ಮಾವನೇ ಹೋಗಿ ಮಾಡಿ, ಹೆಸರು ಬದಲಾಗೋ ತನಕ ಬೆನ್ನು ಹತ್ತಿದ್ರೆ ಮುಗೀತಿತ್ತು.

ಲೋಡ್ ಕೊಟ್ಟ ಟ್ರಾನ್ಸ್‌ಪೋರ್ಟ್ ಆಫೀಸು, ಮಾಲು ಕಳಿಸಿದ ಫ್ಯಾಕ್ಟರಿ, ಇವರಿಗೇನೂ ಇಲ್ವಾ ಅಂತ ಕೇಳ್ತೀರ. ಇಲ್ಲಿ ನೋಡೋದು ಡ್ರೈವರ್ ಯಾರ ಮಾತು ಕೇಳ್ತಿದ್ದ ಅನ್ನೋದನ್ನ. ಬರೀ ಒಂದು ಟ್ರಿಪ್ಪಿಗೆ ಬಾಡಿಗೆ ಲಾರಿ ಹಿಡಿದು ಮಾಲಿನ ರಸೀದಿ ಅಂದ್ರೆ ಎಲ್‌ಆರ್ ಹರಿದು ಕೊಟ್ಟಿದ್ರೆ, ಡ್ರೈವರ್ ಇನ್ನೂ ಓನರ್ ಆಳೇ, ಟ್ರಾನ್ಸ್‌ಪೋರ್ಟ್‌ನವರು ಸಾಮಾನ್ಯವಾಗಿ ಆಚೆ ಉಳೀತಾರೆ. ಅದೇ ಗಾಡಿ ವರ್ಷಗಟ್ಟಲೆ ಒಂದೇ ಕಂಪನಿಗೆ ಅಟ್ಯಾಚ್ ಆಗಿ, ಎಷ್ಟು ಹೊತ್ತಿಗೆ ಹೊರಡ್ಬೇಕು ಎಲ್ಲಿ ನಿಲ್ಲಿಸ್ಬೇಕು ಅಂತೆಲ್ಲ ಕಂಪನಿಯೇ ಹೇಳ್ತಿದ್ರೆ ವಾದ ಬೇರೆ ಆಗುತ್ತೆ. ಬಾಡಿಗೆ ಬಸ್ಸಿನ ಕೇಸಲ್ಲಿ, 1997ರಲ್ಲಿ, ಡ್ರೈವರ್ ಮೇಲೆ ಹಿಡಿತ ಇದ್ದ ರಸ್ತೆ ಸಾರಿಗೆ ನಿಗಮಕ್ಕೂ ಹೊಣೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ, ಆ ತರ್ಕವನ್ನ ಲಾರಿಗೂ ಎಳೆದು ತರ್ಬಹುದು. ಓವರ್‌ಲೋಡ್ ಆದ್ರೆ ಸೆಕ್ಷನ್ 194ರಲ್ಲಿ 20,000 ದಂಡ, ಮೇಲಿನ ಪ್ರತಿ ಟನ್ನಿಗೆ 2,000, ಓಡಿಸಿದವನಿಗೆ ಮಾತ್ರ ಅಲ್ಲ, ಓಡಿಸೋಕೆ ಕಾರಣ ಆದವನಿಗೂ ಬಿಟ್ಟವನಿಗೂ. ಕಬ್ಬಿಣದ ರಾಡು ಹಿಂದೆ ನಾಲ್ಕಡಿ ಚಾಚಿಕೊಂಡಿರುತ್ತಲ್ಲ, ಬಾಡಿಯಿಂದ ಆಚೆ ಬಂದ ಲೋಡಿಗೂ 20,000. ಆದ್ರೆ ದಂಡ ಹೋಗೋದು ಸರ್ಕಾರಕ್ಕೆ, ಸತ್ತವರ ಮನೆಗಲ್ಲ. ರಸ್ತೆ ಕೆಟ್ಟದಾಗಿ ಕಟ್ಟಿದ ಕಂಟ್ರಾಕ್ಟರಿಗೆ 2019ರ ತಿದ್ದುಪಡಿಯಲ್ಲಿ 198ಎ ಅಂತ ಒಂದು ಸೆಕ್ಷನ್ ಬಂತು, ಒಂದು ಲಕ್ಷದವರೆಗೆ ದಂಡ. ನನ್ನ ಕಾಲದಲ್ಲಿ ನಮ್ಮ ಆಫೀಸಿನ ಯಾವ ಫೈಲಲ್ಲೂ ಅದನ್ನ ಹಾಕಿದ್ದು ನಾನ್ ನೋಡ್ಲಿಲ್ಲ.

ಇನ್ನು ನಿಜವಾದ ಯುದ್ಧ, ಇನ್ಶೂರೆನ್ಸ್. ಥರ್ಡ್ ಪಾರ್ಟಿ ಪಾಲಿಸಿ ಇಲ್ಲದೆ ಗಾಡಿ ರಸ್ತೆಗಿಳಿಸೋ ಹಾಗಿಲ್ಲ, ಸೆಕ್ಷನ್ 146. ಕಂಪನಿ ಯಾಕಿಷ್ಟು ಜಗಳ ಆಡುತ್ತೆ ಅನ್ನೋಕೆ ಒಂದು ಲೆಕ್ಕ ನೋಡಿ. ಸತ್ತವನಿಗೆ 30 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 20,000, ಮನೇಲಿ ನಾಲ್ಕು ಜನ ಅವಲಂಬಿತರು. ಮುಂದೆ ದುಡಿಮೆ ಹೆಚ್ಚುತ್ತಿತ್ತು ಅಂತ 40 ಪರ್ಸೆಂಟ್ ಸೇರಿಸಿದ್ರೆ 28,000, ವರ್ಷಕ್ಕೆ 3,36,000, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದ್ರೆ 2,52,000, ಆ ವಯಸ್ಸಿಗೆ ಇದನ್ನ ಗುಣಿಸೋ ಸಂಖ್ಯೆ, ಅಂದ್ರೆ ಮಲ್ಟಿಪ್ಲೈಯರ್, 17, ಒಟ್ಟು 42,84,000. ಸರಳಾ ವರ್ಮಾ, ಪ್ರಣಯ್ ಸೇಠಿ ಅಂತ ಎರಡು ತೀರ್ಪು, 2009 ಮತ್ತು 2017ರವು, ಈ ಲೆಕ್ಕದ ತಾಯಿ ಬೇರು, ವಕೀಲರ ಬಾಯಲ್ಲಿ ದಿನಾ ಕೇಳ್ತೀರ. ಇದರ ಮೇಲೆ ಅಂತ್ಯಸಂಸ್ಕಾರಕ್ಕೆ ಅಂತ ಇನ್ನಷ್ಟು, ಅದರ ಮೇಲೆ ಬಡ್ಡಿ. ಹಾಗಾಗಿ ಕಂಪನಿ ವಕೀಲರು ಗುದ್ದಿದ್ದು ಹೇಗೆ ಅಂತ ನೋಡೋಕಿಂತ ಮೊದಲು ಲಾರಿಯ ಕಾಗದ ನೋಡ್ತಾರೆ: ಡ್ರೈವರ್ ಲೈಸೆನ್ಸ್, ಪರ್ಮಿಟ್, ಗಾಡಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟು ಅಂದ್ರೆ ಎಫ್‌ಸಿ, ಪಾಲಿಸಿ ತಾರೀಖು.

ಲೈಸೆನ್ಸ್ ವಿಷಯ ತಮಾಷೆ ಅಂದ್ರೆ ತಮಾಷೆ. ಕಾರಿನ ಎಲ್‌ಎಂವಿ ಲೈಸೆನ್ಸ್ ಇಟ್ಕೊಂಡು ಸಣ್ಣ ಗೂಡ್ಸ್ ಗಾಡಿ ಓಡಿಸಬಹುದಾ ಅಂತ ವರ್ಷಗಟ್ಟಲೆ ಜಗಳ ನಡೀತು, 2017ರಲ್ಲಿ ಓಡಿಸಬಹುದು ಅಂದ್ರು, ಮತ್ತೆ ಅನುಮಾನ ಎದ್ದು ಐದು ಜನ ಜಡ್ಜುಗಳ ಪೀಠಕ್ಕೆ ಹೋಯ್ತು, 2024ರ ನವೆಂಬರ್ 6ಕ್ಕೆ ಕೊನೆಗೂ ಖಚಿತ ಆಯ್ತು: ಗಾಡಿಯ ಒಟ್ಟು ತೂಕ 7,500 ಕೆಜಿ ಒಳಗಿದ್ರೆ ಎಲ್‌ಎಂವಿ ಲೈಸೆನ್ಸ್ ಸಾಕು. ಹಾಲಿನ ಗಾಡಿ, ತರಕಾರಿ ಟೆಂಪೋ, ನಾಲ್ಕು ಚಕ್ರದ ಗೂಡ್ಸ್ ಎಲ್ಲ ಇದರೊಳಗೆ ಬರುತ್ತೆ. ಹತ್ತು ಚಕ್ರ, ಹದಿನಾಲ್ಕು ಚಕ್ರದ್ದಕ್ಕೆ ಹೆವಿ ಲೈಸೆನ್ಸ್ ಬೇಕೇ ಬೇಕು.

ಸರಿ, ಲೈಸೆನ್ಸ್ ಇರ್ಲೇ ಇಲ್ಲ ಅಂತಿಟ್ಕೊಳ್ಳಿ, ಗುದ್ದಿಸ್ಕೊಂಡವನ ಗತಿ? ಇಲ್ಲಿ ಬರೋದೇ "ಪೇ ಅಂಡ್ ರಿಕವರ್". 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಗಟ್ಟಿಯಾದ ದಾರಿ ಇದು. ಮೊದಲು ಕಂಪನಿ ಗಾಯಾಳುವಿಗೆ ದುಡ್ಡು ಕೊಡ್ಲಿ, ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೊಳ್ಲಿ. ಲೈಸೆನ್ಸ್ ಇರಲಿಲ್ಲ ಅಂತ ಬರೀ ತೋರಿಸಿದ್ರೆ ಸಾಲದು, ಗೊತ್ತಿದ್ದೂ ಗೊತ್ತಿದ್ದೂ ಓನರ್ ಅಂಥವನ ಕೈಗೆ ಗಾಡಿ ಕೊಟ್ಟ ಅಂತ ಕಂಪನಿಯೇ ಸಾಬೀತು ಮಾಡ್ಬೇಕು. ಪರ್ಮಿಟ್ಟೇ ಇಲ್ಲದೆ ಓಡಿಸಿದ್ರೆ ಅದು ಮೂಲಭೂತ ಉಲ್ಲಂಘನೆ ಅಂತ 2018ರಲ್ಲಿ ಹೇಳಿದ್ರು, ಆಗ್ಲೂ ಗಾಯಾಳುವಿಗೆ ದುಡ್ಡು ಬಂತು, ಓನರ್ ತಲೆ ಮೇಲೆ ಸಾಲ ಕೂತ್ತು. ಓನರುಗಳು ಇದನ್ನ ಅರ್ಥ ಮಾಡ್ಕೊಳ್ಳಲ್ಲ, "ಇನ್ಶೂರೆನ್ಸ್ ಇದೆಯಲ್ಲ ಬಿಡು" ಅಂತ ಆರಾಮಾಗಿರ್ತಾರೆ, ಆಮೇಲೆ ಒಂದಿನ ಕಂಪನಿ ಮನೆ ಬಾಗಿಲಿಗೆ ಜಪ್ತಿ ನೋಟಿಸ್ ತರುತ್ತೆ.

ಆದ್ರೆ ಪೇ ಅಂಡ್ ರಿಕವರ್ ಎಲ್ಲರಿಗೂ ಸಿಗೋ ಕೊಡೆ ಅಲ್ಲ. ಗೂಡ್ಸ್ ಲಾರಿಯಲ್ಲಿ ಪ್ರಯಾಣಿಕರಾಗಿ ಹತ್ತಿದವರ ಕಥೆ ಬೇರೆ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ತುಂಬ್ಕೊಂಡು ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಲ್ಲಿ ಕಂದಕಕ್ಕೆ ಬಿದ್ದು, ಮಾಲಿನ ಜೊತೆ ಹೊರಟಿದ್ದ ವ್ಯಾಪಾರಿಗಳಲ್ಲಿ 10 ಜನ ಸತ್ರಲ್ಲ, ಆ ಸುದ್ದಿ ಓದಿದಾಗ ನನ್ ತಲೇಲಿ ಮೊದಲು ಬಂದಿದ್ದು ಪಾಲಿಸಿ ಯಾರನ್ನೆಲ್ಲ ಕವರ್ ಮಾಡ್ಬೇಕು ಅಂತ ಹೇಳೋ ಸೆಕ್ಷನ್ 147. ಆ ನಿರ್ದಿಷ್ಟ ಕೇಸಿನ ಕಾಗದ ನಾನು ನೋಡಿಲ್ಲ, ಕಾನೂನು ಮಾತ್ರ ಹೇಳ್ತೀನಿ. ಸುಮ್ನೆ ಹತ್ತಿಸ್ಕೊಂಡ ಪ್ರಯಾಣಿಕನಿಗೆ ಗೂಡ್ಸ್ ಗಾಡಿಯ ಪಾಲಿಸಿಯಲ್ಲಿ ಕವರ್ ಇಲ್ಲ ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾಲಿನ ಒಡೆಯ ಅಥವಾ ಅವನ ಕಡೆಯವನು ಮಾಲಿನ ಜೊತೆಗೇ ಹೋಗ್ತಿದ್ರೆ ಕವರ್ ಇದೆ, ಇದು 1994ರ ತಿದ್ದುಪಡಿ. ಆದ್ರೆ ಅವನು ಕ್ಯಾಬಿನ್ನಲ್ಲಿ ಕೂತಿರಬೇಕು, ಮೂಟೆ ಮೇಲಲ್ಲ, ಅಂತ ಇನ್ನೊಂದು ತೀರ್ಪು. ಸಂತೆ ವ್ಯಾಪಾರಿಗಳು ಲಾರಿಯಲ್ಲಿ ಎಲ್ಲಿ ಕೂರ್ತಾರೆ ಅಂತ ನಮ್ ಕಡೆಯವರಿಗೆ ಹೇಳ್ಬೇಕಾಗಿಲ್ಲ, ಕ್ಯಾಬಿನ್ನಲ್ಲಿ ಇಪ್ಪತ್ತು ಜನ ಹಿಡಿಸ್ತಾರಾ? ಇಂಥ ಕೆಲವು ಕೇಸಲ್ಲಿ ಸುಪ್ರೀಂ ಕೋರ್ಟ್ ಕರುಣೆ ತೋರಿಸಿ ಪೇ ಅಂಡ್ ರಿಕವರ್ ಕೊಟ್ಟಿದ್ದೂ ಇದೆ, ಆದ್ರೆ ಅದು ಕೋರ್ಟಿನ ಔದಾರ್ಯ, ಹಕ್ಕು ಅಂತ ಲೆಕ್ಕ ಹಾಕೋ ಹಾಗಿಲ್ಲ.

ಡ್ರೈವರ್, ಕ್ಲೀನರ್ ಸತ್ರೆ? ಡ್ರೈವರ್ ತನ್ನದೇ ತಪ್ಪಿಗೆ ಸತ್ತಿದ್ರೆ ನಿರ್ಲಕ್ಷ್ಯ ಸಾಬೀತು ಮಾಡ್ಬೇಕಾದ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರಲ್ಲಿ ಅವನ ಮನೆಯವರಿಗೆ ದಾರಿ ಕಷ್ಟ, ಆದ್ರೆ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಕೇಳಬಹುದು, ಅಲ್ಲಿ ತಪ್ಪು ಯಾರ್ದು ಅನ್ನೋದು ಮುಖ್ಯ ಅಲ್ಲ, ಕೆಲಸದ ಮೇಲಿದ್ದಾಗ ಆಯ್ತಾ ಅನ್ನೋದು ಮುಖ್ಯ. ಎರಡರಲ್ಲೂ ಒಟ್ಟಿಗೆ ಹಾಕೋ ಹಾಗಿಲ್ಲ, ಒಂದು ಆರಿಸ್ಕೊಳ್ಬೇಕು. ಲಾರಿ ಮನೆಯವರು ಇದನ್ನ ತಿಳ್ಕೊಂಡಿರೋದು ಬಹಳ ಕಮ್ಮಿ.

ತಪ್ಪು ಇಬ್ಬರದ್ದೂ ಇದ್ರೆ ಏನು ಅನ್ನೋದಕ್ಕೆ ಎರಡು ಪದ ಬಳಸ್ತಾರೆ, ಜೂನಿಯರ್ ವಕೀಲರೂ ಕಲಸಿ ಹಾಕ್ತಾರೆ. ನೀವೇ ಬೈಕ್ ಓಡಿಸ್ತಿದ್ರಿ, ನಿಮ್ದೂ 30 ಪರ್ಸೆಂಟ್ ತಪ್ಪು ಅಂತಾದ್ರೆ 10 ಲಕ್ಷದಲ್ಲಿ 3 ಲಕ್ಷ ಕಟ್, ಇದು ಕಾಂಟ್ರಿಬ್ಯುಟರಿ. ನೀವು ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ರಿ, ಬಸ್ಸು ಲಾರಿ ಎರಡೂ ತಪ್ಪು ಮಾಡಿ ಗುದ್ದಿದ್ವು, ನಿಮ್ಮದೇನೂ ಇಲ್ಲ, ಇದು ಕಾಂಪೋಸಿಟ್, ನೀವು ಇಬ್ಬರಲ್ಲಿ ಯಾರೊಬ್ಬರ ಹತ್ರನಾದ್ರೂ ಪೂರ್ತಿ ದುಡ್ಡು ಕೇಳ್ಬಹುದು, ಅವರವರ ಪಾಲು ಅವರು ಆಮೇಲೆ ಬಡಿದಾಡ್ಕೊಳ್ಲಿ, 2015ರಲ್ಲಿ ಇದು ಸ್ಪಷ್ಟ ಆಗಿದೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ರ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಒಂದೇ ಮನೆಯ 6 ಜನ ಹೋದ್ರಲ್ಲ, ಮುಂದಿದ್ದ ಕಾರು ದಿಢೀರ್ ಬ್ರೇಕ್ ಹಾಕ್ತು ಅಂತ ಡ್ರೈವರ್ ಹೇಳಿದ್ದು ಪೇಪರಲ್ಲಿ ಬಂದಿತ್ತು. ಅಂಥ ಸಂದರ್ಭದಲ್ಲಿ ಮುಂದಿನ ಗಾಡಿ ಸಿಗದೇ ಹೋದ್ರೂ ಸತ್ತವರ ಕಡೆಯವರು ಲಾರಿಯ ಮೇಲೆ ಮಾತ್ರ ಕೇಸ್ ನಡೆಸಬಹುದು ಅನ್ನೋದು ಈ ನಿಯಮದ ಉಪಯೋಗ, ಅದೂ ಅಲ್ದೆ ಮುಂದಿನ ಗಾಡಿ ನಿಂತ್ರೂ ನಿಲ್ಲಿಸೋಷ್ಟು ಅಂತರ ಇಟ್ಕೊಳ್ಳೋದು ಹಿಂದಿರೋನ ಕೆಲಸನೇ.

ಎಲ್ಲಕ್ಕಿಂತ ಜಾಸ್ತಿ ನಮ್ ಆಫೀಸಿಗೆ ಬರ್ತಿದ್ದುದು ನಿಂತ ಲಾರಿಯ ಕೇಸು. ರಾತ್ರಿ ಪಂಕ್ಚರ್ ಆಗಿದೆ ಅಂತ ರಸ್ತೆಯಲ್ಲೇ ನಿಲ್ಲಿಸಿ, ಪಾರ್ಕಿಂಗ್ ಲೈಟ್ ಇಲ್ಲ, ಎಚ್ಚರಿಕೆಯ ಕೆಂಪು ತ್ರಿಕೋನ ಇಲ್ಲ, ಹೆಚ್ಚಂದ್ರೆ ಎರಡು ಕಲ್ಲು ಒಂದು ಸೊಪ್ಪಿನ ಕೊಂಬೆ. ಹಿಂದಿಂದ ಬೈಕೋ ಕಾರೋ ಬಂದು ಗುದ್ದಿದ್ರೆ ಪೊಲೀಸರು ಗುದ್ದಿದವನ ಮೇಲೇ ಎಫ್‌ಐಆರ್ ಹಾಕ್ತಾರೆ, ಟ್ರಿಬ್ಯುನಲ್ ಅರ್ಧರ್ಧ ಅನ್ನುತ್ತೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದಲೇ ಹೋದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಈ ಅಭ್ಯಾಸಕ್ಕೆ ಚೆನ್ನಾಗಿ ಪೆಟ್ಟು ಕೊಡ್ತು. ಹದಿನಾಲ್ಕು ಚಕ್ರದ ಲಾರಿ ಹೈವೇ ಮೇಲೆ ಯಾವ ಎಚ್ಚರಿಕೆ ಗುರುತೂ ಇಲ್ಲದೆ ಬಿಟ್ಟುಹೋಗಿದ್ದು, ಕಾರು ಹೋಗಿ ಗುದ್ದಿದ್ದು, ಕೆಳಗಿನ ಕೋರ್ಟುಗಳು ಕಾರಿನವನದ್ದು 50 ಪರ್ಸೆಂಟ್ ಅಂದಿದ್ವು. ಸುಪ್ರೀಂ ಕೋರ್ಟ್ ಆ 50ನ್ನ ತೆಗೆದುಹಾಕಿ ಪೂರ್ತಿ ಹೊಣೆ ಲಾರಿ ಕಡೆಗೆ ಹಾಕ್ತು, ಜೊತೆಗೆ ಕಾರಿನ ಡ್ರೈವರ್ ತಪ್ಪೇ ಇದ್ರೂ ಅದನ್ನ ಒಳಗೆ ಕೂತ ಪ್ಯಾಸೆಂಜರ್ ಪರಿಹಾರದಲ್ಲಿ ಕಡಿಯೋ ಹಾಗಿಲ್ಲ ಅಂತಲೂ ಹೇಳ್ತು. ಈ ತೀರ್ಪು ಹತ್ತು ವರ್ಷ ಮುಂಚೆ ಬಂದಿದ್ರೆ ನಮ್ ಆಫೀಸಲ್ಲೇ ಎಷ್ಟೋ ಮನೆಗೆ ಅನ್ನ ಆಗ್ತಿತ್ತು.

ಹಾಗಾದ್ರೆ ತಪ್ಪು ಯಾರ್ದು ಅಂತ ಗೊತ್ತಾಗೋದು ಹೇಗೆ? ಮಹಜರು, ಸ್ಪಾಟ್ ಸ್ಕೆಚ್, ಗಾಡಿ ತಪಾಸಣೆಯ ಐಎಂವಿ ರಿಪೋರ್ಟ್, ಚಾರ್ಜ್‌ಶೀಟ್, ಈ ನಾಲ್ಕು. ಸ್ಕೆಚ್ಚಲ್ಲಿ ಬ್ರೇಕ್ ಗುರುತು ಎಲ್ಲಿಂದ ಎಲ್ಲಿಗೆ, ಗಾಡಿ ರಸ್ತೆಯ ಯಾವ ಬದಿಗೆ ನಿಂತಿತ್ತು, ಐಎಂವಿಯಲ್ಲಿ ಬ್ರೇಕ್ ಸರಿ ಇತ್ತಾ, ಲಾರಿಗೆ ಡ್ಯಾಮೇಜ್ ಎಲ್ಲಾಗಿದೆ. ಡ್ಯಾಮೇಜ್ ಎಡಗಡೆ ಅಂತ ಇದ್ದು ದೂರಿನಲ್ಲಿ ಬಲಗಡೆ ಗುದ್ತು ಅಂತ ಬರೆಸಿದ್ರೆ ಕಂಪನಿ ವಕೀಲರು ಅದನ್ನೇ ಹಿಡ್ಕೊಂಡು ಕೂರ್ತಾರೆ. ಈಗ ಇನ್ನೂ ಒಳ್ಳೇ ಸಾಕ್ಷಿಗಳಿವೆ, ಟೋಲಿನ ಫಾಸ್ಟ್ಯಾಗ್ ಸಮಯ, ಮಾಲು ಸಾಗಿಸೋಕೆ ಮಾಡೋ ಇ-ವೇ ಬಿಲ್ಲಲ್ಲಿರೋ ಗಾಡಿ ನಂಬರು, ಜಿಪಿಎಸ್. ಎರಡು ಟೋಲಿನ ನಡುವಿನ ಸಮಯ ನೋಡಿದ್ರೆ ಗಾಡಿ ಸ್ಪೀಡು ಲೆಕ್ಕ ಹಾಕ್ಬಹುದು, ಆದ್ರೆ ಯಾರೂ ಕೇಳಿ ತರಿಸಲ್ಲ. 2022ರ ಏಪ್ರಿಲ್‌ನಿಂದ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿ ಟ್ರಿಬ್ಯುನಲ್‌ಗೆ ಕೊಡ್ಬೇಕು ಅಂತ ನಿಯಮ ಬಂದಿದೆ.

ಆ ಹರಿಹರದ ಅಮ್ಮನ ವಿಷಯಕ್ಕೆ ಬರ್ತೀನಿ. ಫೋಟೋದಲ್ಲಿದ್ದ ನಂಬರನ್ನ ಸರ್ಕಾರದ ಆಪ್ ಎಂಪರಿವಾಹನ್‌ನಲ್ಲಿ ಹಾಕಿ ನೋಡಿದ್ವಿ, ಓನರ್ ಹೆಸರಲ್ಲಿ ಅರ್ಧ ಅಕ್ಷರಕ್ಕೆ ನಕ್ಷತ್ರ, ಆದ್ರೆ ಇನ್ಶೂರೆನ್ಸ್ ಜೀವಂತ ಇತ್ತು, ಎಫ್‌ಸಿ ಮಾತ್ರ ಮುಗಿದು ಮೂರು ತಿಂಗಳು. ಆರ್‌ಟಿಓಯಿಂದ ಬಿ ಎಕ್ಸ್‌ಟ್ರಾಕ್ಟ್ ಅಂದ್ರೆ ಗಾಡಿಯ ದಾಖಲೆಯ ನಕಲು ತೆಗೆಸಿದ್ವಿ, ಪೂರ್ತಿ ಹೆಸರು ವಿಳಾಸ ಸಿಕ್ತು, ಗಾಡಿ ತಮಿಳುನಾಡಿಂದು. "ಅಲ್ಲಿಗೆ ಹೋಗ್ಬೇಕಾ ಸಾರ್?" ಅಂತ ಗಾಬರಿಯಾದ್ರು. ಬೇಡ, ಆಕ್ಸಿಡೆಂಟ್ ಆದ ಜಾಗದಲ್ಲೋ, ನೀವು ವಾಸ ಇರೋ ಊರಲ್ಲೋ, ಎದುರುಪಕ್ಷ ಇರೋ ಕಡೆಯೋ, ಎಲ್ಲಿ ಬೇಕಾದ್ರೂ ಹಾಕ್ಬಹುದು. ಡ್ರೈವರ್, ಓನರ್, ಕಂಪನಿ ಮೂವರನ್ನೂ ಪಾರ್ಟಿ ಮಾಡಿ ಹಾಕಿದ್ವಿ. ಎಫ್‌ಸಿ ಇಲ್ಲ ಅಂತ ಕಂಪನಿ ಕೂಗಾಡ್ತು, ಕೊನೆಗೆ ಕೊಟ್ಟು ಓನರ್ ಹತ್ರ ವಸೂಲಿ ಮಾಡ್ಕೊಳ್ಳಿ ಅಂತ ಆದೇಶ ಆಯ್ತು.

ಈಗಿನವರಿಗೆ ಒಂದು ವಿಷಯ ಬೇರೆ ಇದೆ, ಟೈಮು. ಆಗೆಲ್ಲ ವರ್ಷ ಬಿಟ್ಟು ಬಂದ್ರೂ ಕೇಸ್ ಹಾಕ್ತಿದ್ವಿ, 2022ರ ಏಪ್ರಿಲ್ 1ರಿಂದ ಆಕ್ಸಿಡೆಂಟ್ ಆಗಿ 6 ತಿಂಗಳೊಳಗೆ ಅರ್ಜಿ ಹಾಕ್ಬೇಕು. ಆ ಮಿತಿಯನ್ನ ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿದಾರೆ, ಆದ್ರೆ ಅದನ್ನ ನಂಬ್ಕೊಂಡು ತಿಥಿ ಮುಗೀಲಿ, ವರ್ಷಾಬ್ದಿಕ ಮುಗೀಲಿ ಅಂತ ಕೂರ್ಬೇಡಿ. ತಪ್ಪು ಸಾಬೀತು ಮಾಡೋ ತಲೆನೋವೇ ಬೇಡ ಅನ್ನೋರಿಗೆ ಸೆಕ್ಷನ್ 164 ಇದೆ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಅಷ್ಟೇ, ಮೇಲೆ ಕೇಳೋ ಹಾಗಿಲ್ಲ. ಲಾರಿ ನಂಬರೇ ಸಿಗದೆ ಗುದ್ದಿ ಓಡಿಹೋಗಿದ್ರೆ ಸರ್ಕಾರದ ಹಿಟ್ ಅಂಡ್ ರನ್ ಯೋಜನೆಯಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000, ಅದಕ್ಕೆ ಅರ್ಜಿ ಟ್ರಿಬ್ಯುನಲ್‌ಗಲ್ಲ, ತಾಲೂಕು ಮಟ್ಟದ ಅಧಿಕಾರಿಗೆ. 42 ಲಕ್ಷಕ್ಕೂ 2 ಲಕ್ಷಕ್ಕೂ ನಡುವಿನ ವ್ಯತ್ಯಾಸ ಎಷ್ಟೋ ಸಲ ಯಾರೋ ದಾರಿಹೋಕರು ಆ ಹೊತ್ತಲ್ಲಿ ತೆಗೆದ ಒಂದು ಫೋಟೋ ಆಗಿರುತ್ತೆ.